ಸಿಲ್ವ್ರೆಟ್ಟಾದಲ್ಲಿ ಸ್ಕಿನ್ ಅದಲುಬದಲು

ಸ್ಕೀ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಹಳೇ ಸಿನಿಮಾ ಹಾಡುಗಳು. ಬೆಳ್ಳನೆ ಗುಡ್ಡ, ಕೆಂಪು ಸ್ವೆಟರ್, ಸುಂಯ್ಯನೆ ಜಾರಿಕೊಂಡು ಬರುವ ಹೀರೋ. ಅವನು ಆ ಗುಡ್ಡದ ನೆತ್ತಿಗೆ ಹೋಗಿದ್ದು ಹೇಗೆ ಅಂತ ಯಾರೂ ಕೇಳುವುದಿಲ್ಲ. ಲಿಫ್ಟಿನಲ್ಲಿ ಹೋಗಿರುತ್ತಾನೆ ಬಿಡಿ. ಆದರೆ ಸ್ಕೀ ಟೂರಿಂಗ್ ಅನ್ನುವ ಬಾಬತ್ತಿನಲ್ಲಿ ಲಿಫ್ಟ್ ಇರುವುದಿಲ್ಲ. ನಾಲ್ಕು ಗಂಟೆ ಏದುಸಿರು ಬಿಡುತ್ತಾ ಹತ್ತಬೇಕು, ಅರ್ಧ ಗಂಟೆ ಜಾರಬೇಕು. ರಾತ್ರಿ ಬೆಟ್ಟದ ಮೇಲಿನ ಯಾವುದೋ ಹಟ್‌ನಲ್ಲಿ ಗುರುತಿಲ್ಲದವರ ಮಧ್ಯೆ ಹೊರಳಾಡಬೇಕು. ಮಾರನೇ ದಿನ ಇನ್ನೊಂದು ಹಟ್. ಇಷ್ಟಕ್ಕೆ ನಾವೇ ದುಡ್ಡು ಕೊಡಬೇಕು.

ನಾವು ಮ್ಯೂನಿಕ್‌ನಲ್ಲಿರುವವರು. ಇಲ್ಲಿ ಚಳಿಗಾಲ ಬಂತೆಂದರೆ ಆಫೀಸಿನ ಕಾಫಿ ಮಷೀನಿನ ಮುಂದೆ ಬೇರೆ ಮಾತೇ ಇಲ್ಲ. ಅಲ್ಲೇ ಯಾರೋ ನಮ್ಮನೆಯವರ ತಲೆಗೆ ತುಂಬಿದರು. "ಲಿಫ್ಟ್ ಹತ್ತಿ ಇಳಿಯುವುದೆಲ್ಲ ಮಕ್ಕಳಾಟ ಕಣೇ, ನಿಜವಾದ ಬೆಟ್ಟ ನೋಡಬೇಕು ಅಂದರೆ ಟೂರಿಂಗ್ ಮಾಡಬೇಕು" ಅಂತ ಇವರು ಶುರುಮಾಡಿದರು. ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್ ಗಡಿಯಲ್ಲಿ ಸಿಲ್ವ್ರೆಟ್ಟಾ ಅಂತ ಬೆಟ್ಟಸಾಲು. ಜೊತೆಗೆ ಗೈಡ್ ಇರುತ್ತಾರೆ. ಹೈಡೆಲ್‌ಬರ್ಗರ್ ಹಟ್‌ನಿಂದ ಯಾಮ್‌ಟಾಲ್ ಹಟ್, ಅಲ್ಲಿಂದ ವೀಸ್‌ಬಾಡನರ್ ಹಟ್, ಕೊನೆಗೆ ಪೀಟ್ಸ್ ಬುಯಿನ್ ಶಿಖರ. "ರೀ, ನಿಮಗೆ ಮೂರನೇ ಮಹಡಿಗೆ ಹಾಲು ತರುವುದಕ್ಕೂ ಲಿಫ್ಟ್ ಬೇಕು" ಅಂದೆ. ಅಷ್ಟರಲ್ಲಿ ಅಡ್ವಾನ್ಸ್ ಕಟ್ಟಿ ಆಗಿತ್ತು.

ಮೊದಲು ಈ ಸ್ಕಿನ್ ಅನ್ನುವ ಪದಾರ್ಥದ ಬಗ್ಗೆ ಹೇಳಿಬಿಡುತ್ತೇನೆ. ಜಾರುವುದಕ್ಕೆಂದೇ ಮಾಡಿರುವ ಸ್ಕೀ ಹಾಕಿಕೊಂಡು ಏರು ಹತ್ತಬೇಕಲ್ವಾ, ಅದಕ್ಕೆ ಸ್ಕೀಯ ತಳಕ್ಕೆ ಉದ್ದಕ್ಕೂ ಒಂದು ಪಟ್ಟಿ ಅಂಟಿಸುತ್ತಾರೆ. ಒಂದು ಕಾಲಕ್ಕೆ ಇದು ಸೀಲ್ ಪ್ರಾಣಿಯ ಚರ್ಮವಾಗಿತ್ತು. ಈಗ ನೈಲಾನ್, ಇಲ್ಲವೇ ಅಂಗೋರಾ ಮೇಕೆಯ ಕೂದಲು. ಕೂದಲೆಲ್ಲ ಹಿಂದಕ್ಕೆ ಮಲಗಿರುತ್ತದೆ. ಮುಂದಕ್ಕೆ ತಳ್ಳಿದರೆ ಜಾರುತ್ತದೆ, ಹಿಂದಕ್ಕೆ ಬಂದರೆ ಹಿಮವನ್ನು ಕಚ್ಚಿಕೊಳ್ಳುತ್ತದೆ. ಬೂಟಿನ ಮುಂತುದಿ ಮಾತ್ರ ಸ್ಕೀಗೆ ಸಿಕ್ಕಿಸಿರುತ್ತದೆ, ಹಿಮ್ಮಡಿ ಎತ್ತಿಡಬಹುದು. ಮೇಲೆ ಹೋದ ಮೇಲೆ ಸ್ಕಿನ್ ಕಿತ್ತು, ಹಿಮ್ಮಡಿ ಲಾಕ್ ಮಾಡಿ ಇಳಿಯುವುದು.

ಕೇಳುವುದಕ್ಕೆ ಎಷ್ಟು ಸಲೀಸು! ಆದರೆ ಪಟ್ಟಿಯ ಇನ್ನೊಂದು ಮೈಯಲ್ಲಿ ಗಮ್ ಇದೆಯಲ್ಲ, ಅದಕ್ಕೆ ತಣ್ಣಗಾದರೆ ಆಗುವುದಿಲ್ಲ, ಒದ್ದೆಯಾದರೆ ಆಗುವುದಿಲ್ಲ, ಹಿಮದ ಪುಡಿ ತಾಗಿದರಂತೂ ಮುನಿಸಿಕೊಂಡುಬಿಡುತ್ತದೆ. ಅದಕ್ಕೇ ಕಿತ್ತ ಸ್ಕಿನ್ ಮಡಚಿ, ಜಾಕೆಟ್ ಒಳಗೆ ಹೊಟ್ಟೆಯ ಹತ್ತಿರ ಬೆಚ್ಚಗೆ ಇಟ್ಟುಕೊಂಡು ಇಳಿಯುತ್ತಾರೆ. ನಮ್ಮನೆಯವರ ಗಮ್ ಮಹಾ ಸ್ನೇಹಜೀವಿ. ಸ್ಕೀ ಒಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಅಂಟುತ್ತಿತ್ತು. ಸ್ವೆಟರಿನ ಉಣ್ಣೆ, ಬಿಸ್ಕತ್ತಿನ ಚೂರು, ಕರವಸ್ತ್ರ. ಒಂದು ಸಲ ಎರಡು ಸ್ಕಿನ್‌ಗಳು ಗಾಳಿಗೆ ಒಂದಕ್ಕೊಂದು ಅಂಟಿಕೊಂಡು, ಬಿಡಿಸುವುದಕ್ಕೆ ಆ ಕಡೆಯಿಂದ ಅವರು, ಈ ಕಡೆಯಿಂದ ನಾನು ಹಿಡಿದು ಜಗ್ಗಿದೆವು. ಬಿಟ್ಟುಕೊಂಡಾಗ ಇಬ್ಬರೂ ಹಿಮದಲ್ಲಿ ಕೂತಿದ್ದೆವು.

ನಮ್ಮ ಗೈಡ್ ಆಸ್ಟ್ರಿಯಾದ ಟಿರೋಲ್‌ನವರು, ಅರವತ್ತರ ಹತ್ತಿರದವರು, ಮಾತು ಕಮ್ಮಿ. ನಾವು ಹೊರಡುವ ಊರು ಇಷ್‌ಗ್ಲ್‌ನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬ್ಯಾಗ್ ಬಿಚ್ಚಿಸಿದರು. ನಮ್ಮನೆಯವರ ಬ್ಯಾಗಿನಿಂದ ನೀರು ಕಾಯಿಸುವ ಕೆಟಲ್, ಇಸ್ತ್ರಿ ಮಾಡಿದ ಶರಟು ಮತ್ತು ಒಂದು ಡಬ್ಬಿ ಚಕ್ಕುಲಿ ಹೊರಬಂದವು.

"ಶರಟು ಯಾಕೆ?"

"ರಾತ್ರಿ ಊಟಕ್ಕೆ."

ಶರಟು, ಕೆಟಲ್ ಕಾರಿನ ಡಿಕ್ಕಿಗೆ ಹೋದವು. ಚಕ್ಕುಲಿಯನ್ನು ಗೈಡ್ ಒಂದು ಮುರಿದು ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಯೋಚನೆ ಮಾಡಿ, ಡಬ್ಬಿಯನ್ನು ತಮ್ಮ ಬ್ಯಾಗಿಗೇ ಹಾಕಿಕೊಂಡರು. ತುರ್ತಿನ ಆಹಾರವಂತೆ.

ಆಮೇಲೆ ಹಿಮಕುಸಿತದ ಪಾಠ. ಪ್ರತಿಯೊಬ್ಬರ ಎದೆಗೂ ಒಂದು ಪುಟ್ಟ ಯಂತ್ರ. ಅದು ಸದಾ ಸಿಗ್ನಲ್ ಕಳಿಸುತ್ತಿರುತ್ತದೆ. ಯಾರಾದರೂ ಹಿಮದಡಿ ಹೂತುಹೋದರೆ ಉಳಿದವರು ತಮ್ಮ ಯಂತ್ರ ಸಿಗ್ನಲ್ ಕಳಿಸುವುದನ್ನು ನಿಲ್ಲಿಸಿ ಹುಡುಕುವ ಹಾಗೆ ಬದಲಾಯಿಸಿ, ಅದು ತೋರಿಸುವ ಬಾಣ ಹಿಡಿದು ಹೋಗಬೇಕು. ಗೈಡ್ ಒಂದು ಯಂತ್ರವನ್ನು ಹಿಮದಲ್ಲಿ ಬಚ್ಚಿಟ್ಟು ಹುಡುಕಿ ಅಂದರು. ಗುಂಪಿನ ಒಬ್ಬ ಹೆಂಗಸಿನ ಯಂತ್ರ ಇನ್ನೂ ಸಿಗ್ನಲ್ ಕಳಿಸುತ್ತಲೇ ಇತ್ತು. ನಮ್ಮನೆಯವರು ಬಾಣ ನೋಡಿಕೊಂಡು ತಲೆ ತಗ್ಗಿಸಿ ನಡೆದು, ನೇರ ಆಕೆಯ ಎದುರು ನಿಂತು, "ಸಿಕ್ಕಿತು" ಅಂದರು. ಎಲ್ಲರೂ ನಕ್ಕೆವು. ಗೈಡ್ ನಗಲಿಲ್ಲ. ಪಕ್ಕದ ಊರು ಗಾಲ್ಟ್ಯೂರ್. 1999ರ ಫೆಬ್ರವರಿ 23ರಂದು ಅಲ್ಲಿ ಹಿಮ ಊರೊಳಕ್ಕೇ ನುಗ್ಗಿ 31 ಜನ ಸತ್ತಿದ್ದರು. ಹೂತವರನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ತೆಗೆದರೆ ಆಸೆ ಉಂಟು, ಆಮೇಲೆ ಅದು ಸರ್ರನೆ ಇಳಿಯುತ್ತದೆ ಅಂತ ಅಷ್ಟೇ ಹೇಳಿದರು. ಎರಡನೇ ಸಲ ಹುಡುಕುವಾಗ ಯಾರೂ ಕಿಸಕ್ ಅನ್ನಲಿಲ್ಲ.

ಹೈಡೆಲ್‌ಬರ್ಗರ್ ಹಟ್ ಒಂದು ವಿಚಿತ್ರ. 1889ರಲ್ಲಿ ಕಟ್ಟಿದ್ದು. ಹೋಗುವ ದಾರಿ ಆಸ್ಟ್ರಿಯಾದ್ದು, ಯಜಮಾನಿಕೆ ಜರ್ಮನ್ ಆಲ್ಪೈನ್ ಸಂಘದ್ದು, ನಿಂತಿರುವ ನೆಲ ಸ್ವಿಟ್ಜರ್ಲೆಂಡಿನದು. ನಾವು ತಲುಪಿದಾಗ ಮಧ್ಯಾಹ್ನ ನಾಲ್ಕು ಗಂಟೆ. ಅಂದರೆ ಬೆಂಗಳೂರಿನಲ್ಲಿ ಏಳೂವರೆ. ಐಪಿಎಲ್ ಶುರುವಾಗಿತ್ತು, ಅವತ್ತು ಆರ್‌ಸಿಬಿ ಮ್ಯಾಚ್. ಗೋಡೆಯ ಮೂಲೆಯೊಂದರಲ್ಲಿ ಫೋನನ್ನು ಕಿಟಕಿಗೆ ಆನಿಸಿ ಹಿಡಿದರೆ ಸಿಗ್ನಲ್ ಬರುತ್ತದೆ ಅಂತ ನಮ್ಮನೆಯವರು ಕಂಡುಹಿಡಿದರು. ಹತ್ತುವಾಗ ಕಾಲೇ ಎತ್ತಲಾಗುತ್ತಿಲ್ಲ ಅಂದ ಮನುಷ್ಯ ಒಂದೇ ಕಾಲಿನ ಮೇಲೆ ಇಪ್ಪತ್ತು ಓವರ್ ನಿಂತರು. ನಡುವೆ ಫೋನಿಗೆ ಏನೋ ಎಚ್ಚರಿಕೆಯ ಮೆಸೇಜ್ ಬಂತು. ಸ್ಕೋರ್ ಕಾಣುತ್ತಿಲ್ಲ ಅಂತ ಅದನ್ನು ಬೆರಳಲ್ಲಿ ಸರಿಸಿ ಹಾಕಿದರು.

ಹಟ್ ಊಟ ಚೆನ್ನಾಗಿಯೇ ಇರುತ್ತದೆ. ಚೀಸ್ ಹಾಕಿದ ಉಂಡೆಯ ಸೂಪ್ ನೋಡಿ ಸಸ್ಯಾಹಾರ ಅಂತ ಖುಷಿಪಟ್ಟೆ. ಉಂಡೆಯೇನೋ ಸಸ್ಯಾಹಾರವೇ, ಅದು ತೇಲುತ್ತಿದ್ದ ನೀರು ದನದ ಮಾಂಸ ಬೇಯಿಸಿದ್ದು. ಉಂಡೆ ಬೇರೆ ತಟ್ಟೆಯಲ್ಲಿ ಬಂತು. ಕುಡಿಯುವ ಬಿಸಿನೀರಿಗೂ ಲೀಟರ್ ಲೆಕ್ಕದಲ್ಲಿ ದುಡ್ಡು. ಇದು ಅನ್ಯಾಯ ಅಂತ ನನಗೇನೂ ಅನ್ನಿಸಲಿಲ್ಲ. ಅಷ್ಟು ಎತ್ತರಕ್ಕೆ ಗ್ಯಾಸು, ಸೌದೆ, ಬೀರು ಎಲ್ಲ ಹೊತ್ತು ತರಬೇಕು. ಆದರೆ ಬಿಸಿನೀರಿನ ಬಿಲ್ ನೋಡಿದಾಗಿನಿಂದ ನಮ್ಮನೆಯವರು ಹಲ್ಲುಜ್ಜಿದ ಮೇಲೆ ಬಾಯಿ ಮುಕ್ಕಳಿಸುವುದಕ್ಕೂ ಯೋಚನೆ ಮಾಡುತ್ತಿದ್ದರು.

ಮರುದಿನ ಕ್ರೋನನ್‌ಯೋಖ್ ಅನ್ನುವ ಕಣಿವೆದಾರಿ, 2974 ಮೀಟರ್. ಕಡಿದಾದ ಕಡೆ ನೇರ ಹತ್ತುವುದಕ್ಕಾಗುವುದಿಲ್ಲ, ಅಂಕುಡೊಂಕಾಗಿ ಹೋಗಬೇಕು. ಪ್ರತಿ ತಿರುವಿನಲ್ಲೂ ಒಂದು ಸರ್ಕಸ್. ಮೇಲಿನ ಸ್ಕೀ ಎತ್ತಿ ಪೂರ್ತಿ ಉಲ್ಟಾ ತಿರುಗಿಸಿ ಇಡಬೇಕು. ಈಗ ನಿಮ್ಮ ಒಂದು ಪಾದ ಆಸ್ಟ್ರಿಯಾ ನೋಡುತ್ತಿರುತ್ತದೆ, ಇನ್ನೊಂದು ಸ್ವಿಟ್ಜರ್ಲೆಂಡ್. ಹಾಗೇ ನಿಂತುಕೊಂಡು, ಕೆಳಗೆ ನೋಡದೆ, ಹಿಂದಿನ ಕಾಲನ್ನು ಒದ್ದು ಎಳೆದುಕೊಳ್ಳಬೇಕು. ಅರ್ಧದಲ್ಲಿ ನಿಂತವರಿಗೆ ಮುಂದಕ್ಕೂ ಗತಿಯಿಲ್ಲ, ಹಿಂದಕ್ಕೂ ಗತಿಯಿಲ್ಲ. ನಮ್ಮನೆಯವರು ಆ ಭಂಗಿಯಲ್ಲಿ ನಿಂತು, "ಒಂದು ಫೋಟೋ ತೆಗಿ" ಅಂದರು. ಫೋಟೋಗೋಸ್ಕರ ಅಲ್ಲ, ಸುಮ್ನೆ ಟೈಮ್ ತೆಗೆದುಕೊಳ್ಳುವುದಕ್ಕೆ. ನನಗೆ ಗೊತ್ತಾಗುವುದಿಲ್ಲವೇ!

ಯಾಮ್‌ಟಾಲ್ ಹಟ್ ದೊಡ್ಡದು. ಈ ಹಟ್‌ಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದ ಜಾಗ ಊಟದ ಕೋಣೆಯಲ್ಲ, ಒಣಗಿಸುವ ಕೋಣೆ. ಸಾಲು ಸಾಲು ಬೂಟು, ಒಳಗವಚ, ಗ್ಲೌಸು, ಕಾಲುಚೀಲ, ಮೇಲಿನ ಕೊಕ್ಕೆಗಳಿಗೆ ಜೋತುಬಿದ್ದ ಸ್ಕಿನ್‌ಗಳು. ಬಾಗಿಲು ತೆಗೆದರೆ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತದೆ. ಅದರ ವಾಸನೆಯನ್ನು ವರ್ಣಿಸುವುದಿಲ್ಲ, ಓದುವವರಲ್ಲಿ ಕೆಲವರು ಊಟಕ್ಕೆ ಕೂತಿರಬಹುದು. ಮಲಗುವುದಕ್ಕೆ ಉದ್ದನೆ ಹಲಗೆಯ ಮೇಲೆ ಹಾಸಿಗೆ ಪಕ್ಕ ಹಾಸಿಗೆ. ನಮ್ಮನೆಯವರ ಗೊರಕೆಗೆ ಆಚೆ ಬದಿಯವರು ಗೋಡೆಗೆ ಗುದ್ದಿದರು. ಬೆಳಿಗ್ಗೆ ಕಾಫಿ ಕುಡಿಯುವಾಗ ಯಾರೋ "ರಾತ್ರಿ ಅದು ಯಾರು?" ಅಂದರು. ನಾನೂ ಎಲ್ಲರ ಜೊತೆ ಸುತ್ತಮುತ್ತ ನೋಡಿದೆ.

ಬೆಳಿಗ್ಗೆ ಒಣಗಿಸುವ ಕೋಣೆಗೆ ಹೋದರೆ ನನ್ನ ಸ್ಕಿನ್ ಇಲ್ಲ! ಅದೇ ಬಣ್ಣದ, ಅದೇ ಕಂಪನಿಯ ಇನ್ನೊಂದು ಜೊತೆ ಆ ಕೊಕ್ಕೆಯಲ್ಲಿ ನೇತಾಡುತ್ತಿದೆ. ಹಿಡಿದು ನೋಡಿದರೆ ನನ್ನ ಸ್ಕೀಗಿಂತ ಒಂದು ಗೇಣು ಉದ್ದ, ಅಗಲವೂ ಜಾಸ್ತಿ. ಕತ್ತಲಲ್ಲೇ ಹೊರಟ ಯಾರೋ ಪುಣ್ಯಾತ್ಮ ನನ್ನದನ್ನು ಜಾಕೆಟ್ಟಿಗೆ ತುರುಕಿಕೊಂಡು ಹೋಗಿದ್ದಾನೆ. ನಮ್ಮ ಅಮ್ಮ ಏರ್‌ಪೋರ್ಟಿಗೆ ಹೋಗುವ ಪ್ರತಿ ಸೂಟ್‌ಕೇಸಿಗೂ ಕೆಂಪು ದಾರ ಕಟ್ಟುವವರು. ಆ ಚಾಳಿ ನನಗೂ ಇದೆ. ಸ್ಕಿನ್ನಿನ ತುದಿಯ ಕೊಂಡಿಗೆ ಕೆಂಪು ದಾರ ಗಂಟು ಹಾಕಿದ್ದೆ. ಕತ್ತಲಲ್ಲಿ ಕೆಂಪೇನು, ಹಸಿರೇನು.

ಗೈಡ್ ಬೈಯಲಿಲ್ಲ. ಉದ್ದವಾಗಿದ್ದ ಬಾಲವನ್ನು ಸ್ಕೀ ಮೇಲಕ್ಕೆ ಮಡಚಿ, ಬ್ಯಾಗಿನಿಂದ ಟೇಪ್ ತೆಗೆದು ಗರಗರ ಸುತ್ತಿದರು. ಹಲ್ಲಲ್ಲೇ ಟೇಪ್ ಹರಿದರು. ಆದರೆ ಅಗಲಕ್ಕೆ ಏನು ಮಾಡುವುದು? ಇನ್ನೊಬ್ಬರ ವಸ್ತು, ಕತ್ತರಿಸುವ ಹಾಗಿಲ್ಲ. ಸ್ಕೀಯ ಉಕ್ಕಿನ ಅಂಚು ಕೂದಲಿನಡಿ ಮುಚ್ಚಿಹೋಯಿತು. ಗಟ್ಟಿ ಹಿಮದ ಮೇಲೆ ಓರೆಯಾಗಿ ನಡೆಯುವಾಗ ಹಿಡಿತ ಕೊಡುವುದು ಆ ಅಂಚೇ. ಕಡೆಗೆ ಸ್ಕೀಗೆ ಸಿಕ್ಕಿಸುವ ಕಬ್ಬಿಣದ ಮುಳ್ಳು ಹಾಕಿಕೊಂಡು ಕರ್ ಕರ್ ಅಂತ ಸದ್ದು ಮಾಡುತ್ತಾ ಓಕ್ಸನ್‌ಶಾರ್ಟೆ ಅನ್ನುವ ಕಣಿವೆದಾರಿ ಹತ್ತಿದೆ. ದಾರಿಯುದ್ದಕ್ಕೂ ಆ ಪುಣ್ಯಾತ್ಮನಿಗೆ ಮೈಸೂರು ಕನ್ನಡದಲ್ಲಿ ಸಹಸ್ರನಾಮ ಮಾಡಿದೆ. ಸುತ್ತ ಒಳ್ಳೆಯ ಹಿಮನದಿ ಇತ್ತಂತೆ, ನಾನು ನೋಡಿದ್ದು ಟೇಪನ್ನು ಮಾತ್ರ.

ವೀಸ್‌ಬಾಡನರ್ ಹಟ್ ಮುಂದಿನ ಬೆಂಚಿನಲ್ಲಿ ಒಳ್ಳೇ ಬಿಸಿಲು. ಆರಡಿ ಮೀರಿದ ಜರ್ಮನ್ ಮನುಷ್ಯನೊಬ್ಬ ಕೈಯಲ್ಲಿ ಸ್ಕಿನ್ ಎತ್ತಿ ಹಿಡಿದು ಜನರಿಗೆಲ್ಲ ಭಾಷಣ ಮಾಡುತ್ತಿದ್ದ. ಈ ಕಂಪನಿಯದನ್ನು ಯಾರೂ ಕೊಳ್ಳಬೇಡಿ, ಹೋದ ತಿಂಗಳು ತಗೊಂಡಿದ್ದು, ಒದ್ದೆಯಾದರೆ ಕುಗ್ಗುತ್ತದೆ, ಬೆಳಿಗ್ಗೆಯಿಂದ ಪ್ರತಿ ಏರಿನಲ್ಲೂ ಹಿಂದಕ್ಕೆ ಜಾರಿದ್ದೇನೆ, ಅಂಗಡಿಯವನ ಮೇಲೆ ಕೇಸು ಹಾಕುತ್ತೇನೆ ಅಂತ. ಕೇಳುತ್ತಿದ್ದವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಸ್ಕಿನ್ನಿನ ತುದಿಯಲ್ಲಿ ಕೆಂಪು ದಾರ ಗಾಳಿಗೆ ಆಡುತ್ತಿತ್ತು.

ನಾನು ಹತ್ತಿರ ಹೋಗಿ, "ಈ ದಾರವನ್ನೂ ಕಂಪನಿಯವರೇ ಕಟ್ಟಿಕೊಟ್ಟರಾ?" ಅಂದೆ.

ಆತ ದಾರ ನೋಡಿದ. ಟೇಪ್ ಸುತ್ತಿದ ನನ್ನ ಸ್ಕೀ ನೋಡಿದ. ಬಿಸಿಲಿಗೆ ಆಗಲೇ ಕೆಂಪಾಗಿದ್ದ ಮುಖ ಇನ್ನೂ ಒಂದು ಬಣ್ಣ ಏರಿತು. ಆಮೇಲೆ ಒಂದು ಮಾತೂ ಆಡದೆ ಒಳಗೆ ಹೋಗಿ, ಎರಡು ದೊಡ್ಡ ತಟ್ಟೆ ಕೈಸರ್‌ಶ್ಮಾರ್ನ್ ತಂದಿಟ್ಟ. ದಪ್ಪ ದೋಸೆಯನ್ನು ಬಾಣಲೆಯಲ್ಲೇ ಚೂರು ಮಾಡಿ, ಒಣದ್ರಾಕ್ಷಿ, ಸಕ್ಕರೆಪುಡಿ ಉದುರಿಸಿ ಕೊಡುವ ತಿಂಡಿ ಅದು. ಮೊಟ್ಟೆ ತಿನ್ನುವುದಕ್ಕೆ ನನ್ನ ಅಭ್ಯಂತರ ಇಲ್ಲ, ಅದರಲ್ಲೂ ಬೇರೆಯವರ ದುಡ್ಡಿನ ಮೊಟ್ಟೆಗೆ.

ಪೀಟ್ಸ್ ಬುಯಿನ್ 3312 ಮೀಟರ್. ಮೇಲಿನ ತುಣುಕನ್ನು ಸ್ಕೀ ಕಳಚಿಟ್ಟು ಕಾಲಲ್ಲೇ ಹತ್ತಬೇಕು. 1938ರಲ್ಲಿ ಫ್ರಾಂಜ್ ಗ್ರೈಟರ್ ಅನ್ನುವ ಕೆಮಿಸ್ಟ್ರಿ ವಿದ್ಯಾರ್ಥಿ ಈ ಬೆಟ್ಟ ಹತ್ತಿ ಚರ್ಮ ಸುಟ್ಟುಕೊಂಡು, 1946ರಲ್ಲಿ ಬಿಸಿಲಿಗೆ ಹಚ್ಚುವ ಕ್ರೀಮ್ ತಯಾರಿಸಿದನಂತೆ. ಆ ಬ್ರ್ಯಾಂಡಿಗೆ ಬೆಟ್ಟದ್ದೇ ಹೆಸರು. ಇಷ್ಟೆಲ್ಲ ಗೈಡ್ ಹೇಳಿ, ಟ್ಯೂಬ್ ಮುಂದೆ ಹಿಡಿದರೆ, ನಮ್ಮನೆಯವರು "ನಮ್ಮ ಬಣ್ಣಕ್ಕೆ ಇದೆಲ್ಲ ಬೇಡ, ನಾವು ದಾವಣಗೆರೆ ಬಿಸಿಲು ಕಂಡವರು" ಅಂದರು. ದಾವಣಗೆರೆಯಲ್ಲಿ ಬಿಸಿಲು ಮೇಲಿನಿಂದ ಬರುತ್ತದೆ. ಇಲ್ಲಿ ಹೊಸ ಹಿಮ ಅದರ ನೇರಳಾತೀತ ಕಿರಣಗಳಲ್ಲಿ ಶೇಕಡ 80ರ ತನಕ ಕೆಳಗಿನಿಂದ ವಾಪಸ್ ಎಸೆಯುತ್ತದೆ. ಸಂಜೆಗೆ ಅವರ ಗದ್ದದ ಅಡಿ, ಕಿವಿಯ ಹಾಲೆ ಮತ್ತು ಮೂಗಿನ ಹೊಳ್ಳೆಯ ಒಳಗೆ ಸುಟ್ಟಿತ್ತು. ಸೀನು ಬಂದರೆ ಪಾಪ, ಎರಡೂ ಕೈಯಲ್ಲಿ ಮೇಜು ಹಿಡಿದುಕೊಳ್ಳುತ್ತಿದ್ದರು.

ಇಳಿದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮೇಲಿನ ಭಾಗ ಬೆಣ್ಣೆ, ಕೆಳಗೆ ಅಣೆಕಟ್ಟಿನ ಹೆಪ್ಪುಗಟ್ಟಿದ ಕೆರೆ. ಕೆರೆ ಅಂದಮೇಲೆ ಚಪ್ಪಟೆ. ಸ್ಕೀ ಜಾರುವುದಿಲ್ಲ, ಕೋಲು ಊರಿ ಊರಿ ತಳ್ಳಿಕೊಂಡು ಹೋಗಬೇಕು. ಅಷ್ಟು ಬೆಟ್ಟ ದಾಟಿದ ಮೇಲೂ ಎಲ್ಲರಿಗಿಂತ ಜಾಸ್ತಿ ಬೈಗುಳ ತಿಂದಿದ್ದು ಆ ಕೆರೆಯೇ. ಗಾಲ್ಟ್ಯೂರ್ ಬಸ್ ನಿಲ್ದಾಣದಲ್ಲಿ ಗೈಡ್ ಕೈಕುಲುಕಿ ಡಬ್ಬಿ ವಾಪಸ್ ಕೊಟ್ಟರು. ಚಕ್ಕುಲಿ ಖಾಲಿ, ತುರ್ತು ಯಾವಾಗ ಬಂದಿತ್ತೋ ಗೊತ್ತಿಲ್ಲ.

ಫೋನ್ ಬಿಲ್ ಮುಂದಿನ ತಿಂಗಳು ಬಂತು. ಯೂರೋಪಿಯನ್ ಯೂನಿಯನ್ ಒಳಗೆ 2017ರಿಂದ ರೋಮಿಂಗಿಗೆ ಬೇರೆ ದುಡ್ಡಿಲ್ಲ. ಆಸ್ಟ್ರಿಯಾ ಯೂನಿಯನ್ನಿನಲ್ಲಿದೆ, ಸ್ವಿಟ್ಜರ್ಲೆಂಡ್ ಇಲ್ಲ. ಆ ಕಿಟಕಿಯ ಸಿಗ್ನಲ್ ಸ್ವಿಟ್ಜರ್ಲೆಂಡಿನದು. ನಮ್ಮನೆಯವರು ಬಿಲ್ಲನ್ನು ಎರಡು ಸಲ ಓದಿ, ಸಿಪ್ಪೆ ಸುಲಿಯುತ್ತಿದ್ದ ಮೂಗು ಮುಟ್ಟಿಕೊಂಡು, "ಗೆದ್ದಿದ್ದರೆ ಕೊಡುವುದಕ್ಕೆ ಬೇಜಾರಿರಲಿಲ್ಲ ಕಣೇ" ಅಂದರು.