ನೀರೆಲ್ಲಾ ಪೆನಾಲ್ಟಿ ಅಲ್ಲ
ಗಾಲ್ಫ್ ಚೆಂಡು ನೀರಿಗೆ ಬಿದ್ದರೆ ಒಂದು ಸ್ಟ್ರೋಕ್ ಹೋಯಿತು, ಅಂದರೆ ಒಂದು ಹೊಡೆತದ ದಂಡ (ಪೆನಾಲ್ಟಿ) ಬಿತ್ತು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಕೆಂಪು ಅಥವಾ ಹಳದಿ ಗೂಟ ನೆಟ್ಟು ಗುರುತಿಸಿದ ಪೆನಾಲ್ಟಿ ಜಾಗದ ನೀರಿನಿಂದ ಚೆಂಡು ಹೊರಗೆ ತಂದರೆ ಆ ಮಾತು ಸರಿ. ಆದರೆ ನಮ್ಮ ಮಂಗಳೂರಿನ ಮಳೆಗಾಲ ನೋಡಿದ್ದೀರಾ? ಇಲ್ಲಿನ ಪಿಲಿಕುಳ ಗಾಲ್ಫ್ ಮೈದಾನದಲ್ಲಿ ಒಮ್ಮೆ ನನ್ನ ಚೆಂಡು ಫೇರ್‌ವೇಯ (ಹುಲ್ಲು ಗಿಡ್ಡ ಕತ್ತರಿಸಿದ ದಾರಿಯ) ಮಧ್ಯದಲ್ಲೇ ಕೆಂಪು ಮಣ್ಣಿನ ಮಳೆನೀರಿನಲ್ಲಿ ಅರ್ಧ ಮುಳುಗಿ ಕೂತಿತ್ತು. ಅದು ತಾತ್ಕಾಲಿಕ ನೀರು, ಪೆನಾಲ್ಟಿಯೇ ಇಲ್ಲ. ನೀರು ತಾಗದ ಹತ್ತಿರದ ಜಾಗ ನೋಡಿ, ಅಲ್ಲಿಂದ ಒಂದು ಕ್ಲಬ್ (ಗಾಲ್ಫ್ ಕೋಲು) ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದ ಹಾಗೆ ಡ್ರಾಪ್ ಮಾಡಬಹುದು, ಅಂದರೆ ಚೆಂಡನ್ನು ಕೈಯಿಂದ ಕೆಳಗೆ ಬಿಡಬಹುದು. ಡ್ರಾಪ್ ಮೊಣಕಾಲಿನ ಎತ್ತರದಿಂದ. ಮೊದಲಿದ್ದ ಭುಜದ ಎತ್ತರದ ನಿಯಮ 2019ರಿಂದ ಇಲ್ಲ. ಇದು ಗೊತ್ತಿಲ್ಲದೆ ಹೊಸಬರು ಸುಮ್ನೆ ಸ್ಟ್ರೋಕ್ ಕಳೆದುಕೊಳ್ಳುತ್ತಾರೆ, ನೋಡಿದರೆ ಬೇಜಾರಾಗುತ್ತದೆ. ದಯವಿಟ್ಟು ಲೇಖನಕ್ಕೆ ಇದನ್ನೂ ಸೇರಿಸಿ.