ಶೇಖರು ದಡ್ಡರಾಗಿರಲಿಲ್ಲ

ಅರಬ್ ಶೇಖರು ಬೆಲೆ ಅರಿಯದೆ ತೈಲ ಮಾರಿಕೊಂಡರು ಎಂಬ ಲೇಖನದ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ಕುವೈತ್‌ನ ಅಂದಿನ ದೊರೆ ಶೇಖ್ ಅಹ್ಮದ್ ಅಲ್ ಜಾಬಿರ್ ಅವರನ್ನೇ ನೋಡಿ. ಬ್ರಿಟನ್ನಿನ ಆಂಗ್ಲೋ-ಪರ್ಷಿಯನ್ ಮತ್ತು ಅಮೆರಿಕದ ಗಲ್ಫ್ ಎಂಬ ತೈಲ ಕಂಪನಿಗಳನ್ನು ವರ್ಷಗಟ್ಟಲೆ ಪೈಪೋಟಿಗೆ ಹಚ್ಚಿ ಬೆಲೆ ಏರಿಸುತ್ತಿದ್ದರು. 1933ರ ಡಿಸೆಂಬರಿನಲ್ಲಿ ಅವೆರಡೂ ಸಮಪಾಲಿಗೆ ಕೈಜೋಡಿಸಿದವು; ಚೌಕಾಶಿಯ ಬಲವೇ ಮುರಿಯಿತು. ಜಪಾನಿನ ಕೃಷಿ ಮುತ್ತುಗಳಿಂದ ಕುವೈತ್‌ನ ಮುತ್ತಿನ ವ್ಯಾಪಾರವೂ ನೆಲಕಚ್ಚಿತ್ತು. ಮೇಲಾಗಿ, ಬ್ರಿಟಿಷರು ಸೂಚಿಸಿದವರಿಗಲ್ಲದೆ ಬೇರೆ ಯಾರಿಗೂ ತೈಲದ ಹಕ್ಕು ಕೊಡುವುದಿಲ್ಲವೆಂದು 1913ರಲ್ಲೇ ಅಹ್ಮದರ ಅಜ್ಜ ಶೇಖ್ ಮುಬಾರಕ್ ಬರೆದುಕೊಟ್ಟಿದ್ದರು. ಇಷ್ಟಾದರೂ ಅಹ್ಮದ್ ಇನ್ನೊಂದು ವರ್ಷ ಹಟ ಹಿಡಿದು, 1934ರ ಡಿಸೆಂಬರ್ 23ರಂದು ತೈಲ ಒಪ್ಪಂದಕ್ಕೆ ಸಹಿ ಹಾಕಿದರು. ಅವಧಿ 75 ವರ್ಷ! ಹಣ ನಿಗದಿಯಾದದ್ದು ನಮ್ಮ ರೂಪಾಯಿಯಲ್ಲಿ. ಆಗ ಅಲ್ಲಿ ಚಲಾವಣೆಯಲ್ಲಿದ್ದುದು ಅದೇ. ಕೈ ಕಟ್ಟಿಹಾಕಿದವರನ್ನು ಬಿಟ್ಟು ಕಟ್ಟಿಸಿಕೊಂಡವರನ್ನು ದಡ್ಡರೆನ್ನುವುದು ಅನ್ಯಾಯ.