ಖಿನ್ನತೆಯ ಮಾತ್ರೆ ಮತ್ತು ನಡಿಗೆ: ಒಂದು ಸ್ಪಷ್ಟನೆ

ಖಿನ್ನತೆಗೆ ಕೊಡುವ ಮಾತ್ರೆಗಳೆಲ್ಲ ಚಟ ಹಿಡಿಸುವ ನಿದ್ರೆಮಾತ್ರೆಗಳೇ, ಅವುಗಳನ್ನು ಎಸೆದು ದಿನಕ್ಕೊಂದು ಗಂಟೆ ನಡೆದರೆ ಸಾಕು ಎಂಬ ಸಂದೇಶವೊಂದು ಹಾಸನದ ವಾಟ್ಸಾಪ್ ಬಳಗಗಳಲ್ಲಿ ಹರಿದಾಡುತ್ತಿದೆ. ನಡಿಗೆಯ ಮಾತಿನಲ್ಲಿ ಸ್ವಲ್ಪ ನಿಜವಿದೆ. ಮಾತ್ರೆ ಎಸೆಯುವ ಮಾತು ಅಪಾಯಕಾರಿ.

ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್‌ನಂಥ ಖಿನ್ನತೆ ನಿವಾರಕಗಳು ಮಾದಕವಸ್ತುವಿನಂತೆ ಹಂಬಲ ಹುಟ್ಟಿಸುವುದಿಲ್ಲ. ಚಟವಾಗಬಲ್ಲವು ಆತಂಕಕ್ಕೂ ನಿದ್ರೆಗೂ ಕೊಡುವ ಆಲ್ಪ್ರಜೋಲಮ್, ಕ್ಲೋನಜೆಪಮ್ ಗುಂಪಿನ ಔಷಧಿಗಳು; ಎರಡನ್ನೂ ಕೆಲವೊಮ್ಮೆ ಒಂದೇ ಚೀಟಿಯಲ್ಲಿ ಬರೆಯುವುದರಿಂದ ಈ ಗೊಂದಲ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಖಿನ್ನತೆ ನಿವಾರಕಗಳ ಪರಿಣಾಮ ತಿಳಿಯಲು ಸಾಮಾನ್ಯವಾಗಿ 2ರಿಂದ 6 ವಾರ ಬೇಕು, ಮತ್ತು ಗುಣ ಕಂಡ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಲು ವೈದ್ಯರು ಹೇಳುವುದು ರೋಗ ಮರುಕಳಿಸದಿರಲೆಂದೇ ಹೊರತು ಅಂಗಡಿಯ ಲಾಭಕ್ಕಲ್ಲ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ನಿದ್ರಾಭಂಗ, ತಲೆಯೊಳಗೆ ಮಿಂಚು ಹೊಡೆದಂಥ ಅನುಭವ ಬರಬಹುದಾದ್ದರಿಂದ ಪ್ರಮಾಣವನ್ನು ಮೆಲ್ಲಗೆ ಇಳಿಸಬೇಕು.

ಮಹಾರಾಜ ಪಾರ್ಕಿನಲ್ಲಿ ಬೆಳಗ್ಗೆ ಬಿರುಸಾಗಿ ನಡೆಯುವುದು ಸೌಮ್ಯ ಖಿನ್ನತೆಯಲ್ಲಿ ನಿಜಕ್ಕೂ ಉಪಕಾರಿ. ಆದರೆ ಹಾಸಿಗೆಯಿಂದ ಏಳಲೂ ಆಗದವರಿಗೆ ನಡೆಯಿರೆಂದು ಹೇಳುವುದು ಕಾಲು ಮುರಿದವರಿಗೆ ಓಡಿರೆಂದಂತೆ.

ಆಘಾತದಿಂದ ಬರುವ ತೊಂದರೆ ಖಿನ್ನತೆಗಿಂತ ಬೇರೆ. ಅಪಘಾತವನ್ನೋ ಸಕಲೇಶಪುರದ ಕಡೆಯ ಆನೆ ದಾಳಿಯನ್ನೋ ಕಂಡು ತಿಂಗಳುಗಟ್ಟಲೆ ಅದೇ ದೃಶ್ಯದಿಂದ ಬೆಚ್ಚಿಬೀಳುವವರಿಗೆ ಆ ನೆನಪನ್ನೇ ಸುರಕ್ಷಿತವಾಗಿ ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆ ಮುಖ್ಯ. ಔಷಧಿಯೂ ನಡಿಗೆಯೂ ಅದರ ಜೊತೆಗಿರಬಹುದು. ಈಗಾಗಲೇ ಮಾತ್ರೆ ಬಿಟ್ಟವರು ಚೀಟಿ ಬರೆದ ವೈದ್ಯರನ್ನು ಕೂಡಲೇ ಕಾಣಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ.